ಟೆಂಪ್ ಫೋಲ್ಡರ್‌ನಲ್ಲಿ ಇಟ್ಟ ಫೈಲುಗಳು ಇನ್ಮೇಲೆ ತಾನಾಗೇ ಅಳಿಸಿಹೋಗತ್ವೆ, ದಯವಿಟ್ಟು ಓದಿ

ನಮ್ಮ ಸರ್ವರ್ ಬಳಸೋ ಎಲ್ಲರಿಗೂ ನಮಸ್ಕಾರ,

ಮುಂದಿನ ತಿಂಗಳ ಮೊದಲನೇ ಭಾನುವಾರ ರಾತ್ರಿ ನಿಮ್ಮೆಲ್ಲರ ಅಕೌಂಟುಗಳನ್ನ ಡೆಬಿಯನ್ 12 (ಸರ್ವರ್ ನಡೆಸೋ ಆಪರೇಟಿಂಗ್ ಸಿಸ್ಟಂ) ಇರೋ ಹಳೇ ಸರ್ವರ್‌ನಿಂದ ಡೆಬಿಯನ್ 13 ಹಾಕಿರೋ ಹೊಸ ಸರ್ವರ್‌ಗೆ ಸಾಗಿಸ್ತಿದೀವಿ. ಬರೀ ವೆಬ್‌ಸೈಟು, ಇಮೇಲು ಇಟ್ಕೊಂಡಿರೋರು ಏನೂ ಮಾಡ್ಬೇಕಾಗಿಲ್ಲ. ಆದ್ರೆ ಲಾಗಿನ್ ಆಗಿ ಕೆಲಸ ಮಾಡೋರು, ಕ್ರಾನ್‌ನಲ್ಲಿ (ಹೇಳಿದ ಟೈಮಿಗೆ ತಾನಾಗೇ ಕೆಲಸ ಓಡಿಸೋ ವ್ಯವಸ್ಥೆ) ಸ್ಕ್ರಿಪ್ಟ್ ಓಡಿಸೋರು ಇದನ್ನ ಪೂರ್ತಿ ಓದಿ, ಯಾಕಂದ್ರೆ ತಾತ್ಕಾಲಿಕ ಫೈಲುಗಳಿಗೆ ಅಂತ ಇರೋ ಸ್ಲ್ಯಾಶ್ ಟೆಂಪ್ (/tmp) ಫೋಲ್ಡರ್ ಇಷ್ಟು ದಿನ ಇದ್ದ ಹಾಗೆ ಇನ್ಮುಂದೆ ಇರಲ್ಲ.

ಇಲ್ಲಿವರೆಗೂ ಟೆಂಪ್ ಖಾಲಿ ಆಗ್ತಿದ್ದಿದ್ದು ಸರ್ವರ್ ರೀಬೂಟ್ ಆದಾಗ ಮಾತ್ರ, ವಾರ್ ಟೆಂಪ್ (/var/tmp) ಅನ್ನೋ ಇನ್ನೊಂದು ತಾತ್ಕಾಲಿಕ ಫೋಲ್ಡರ್ ಅಂತೂ ತಾನಾಗೇ ಖಾಲಿ ಆಗ್ತಾನೇ ಇರ್ಲಿಲ್ಲ. ನಾವು ರೀಬೂಟ್ ಮಾಡೋದೇ ಅಪರೂಪ, ಹಾಗಾಗಿ ತುಂಬಾ ಜನ ಅಲ್ಲೇ ಸ್ಕ್ಯಾನ್ ಮಾಡಿದ ಪುಟಗಳು, ಅರ್ಧ ಆದ ಪಿಡಿಎಫ್, ಡೇಟಾಬೇಸ್ ಡಂಪು ಎಲ್ಲ ಇಟ್ಕೊಂಡಿದಾರೆ. ಡೆಬಿಯನ್ 13ರಲ್ಲಿ ಟೆಂಪ್‌ನಲ್ಲಿ 10 ದಿನ, ವಾರ್ ಟೆಂಪ್‌ನಲ್ಲಿ 30 ದಿನ ಯಾರೂ ಮುಟ್ಟದೇ ಇರೋ ಫೈಲುಗಳನ್ನ ಸಿಸ್ಟಂ-ಡಿ (ಸರ್ವರ್‌ನ ಸೇವೆಗಳನ್ನ ಶುರು ಮಾಡಿ ನೋಡ್ಕೊಳೋ ಪ್ರೋಗ್ರಾಂ) ಜೊತೆ ಬರೋ ಟೆಂಪ್‌ಫೈಲ್ಸ್ ಅನ್ನೋ ಪ್ರೋಗ್ರಾಂ ಅಳಿಸತ್ತೆ. ಬೂಟ್ ಆಗಿ 15 ನಿಮಿಷ ಆದ್ಮೇಲೆ ಒಂದ್ಸಲ ಓಡತ್ತೆ, ಆಮೇಲೆ ದಿನಕ್ಕೊಂದ್ಸಲ. ಜೊತೆಗೆ ಟೆಂಪ್ ಈಗ ಡಿಸ್ಕ್‌ನಲ್ಲಿ ಇರಲ್ಲ, ಮೆಮೊರಿಲಿರತ್ತೆ, ಹೆಚ್ಚಂದ್ರೆ ರ್‍ಯಾಮ್‌ನ ಅರ್ಧದಷ್ಟು ಬೆಳೀಬಹುದು ಅಷ್ಟೇ. ದೊಡ್ಡ ಫೈಲ್ ಅಲ್ಲಿ ಸುರಿದ್ರೆ ಸರ್ವರ್‌ನಲ್ಲಿರೋ ಬೇರೆಯವರಿಗೂ ತೊಂದ್ರೆ, ದಯವಿಟ್ಟು ಅಂಥದ್ದನ್ನ ವಾರ್ ಟೆಂಪ್‌ನಲ್ಲಿ ಇಡಿ.

"ಮುಟ್ಟದೇ ಇರೋದು" ಅಂದ್ರೆ ಏನು ಅನ್ನೋದೇ ಮುಖ್ಯ, ಫೈಲ್ ಕಳ್ಕೊಳೋದು ಇಲ್ಲೇ. ಪ್ರತಿ ಫೈಲಿಗೂ ಕೊನೇ ಸಲ ಓದಿದ ಟೈಮ್ (ಆಕ್ಸೆಸ್ ಟೈಮ್), ಒಳಗಿನದು ಬದಲಾದ ಟೈಮ್, ಹೆಸರು ಪರ್ಮಿಶನ್ ಥರದ್ದು ಬದಲಾದ ಟೈಮ್ ಅಂತ ಬೇರೆ ಬೇರೆ ಇರತ್ತೆ, ಇವೆಲ್ಲಾ 10 ದಿನಕ್ಕಿಂತ ಹಳೇದಾದ್ರೆ ಮಾತ್ರ ಅಳಿಸತ್ತೆ. ಹಾಗಾಗಿ 2015ರ ಫೋಟೋನ ಹಳೇ ತಾರೀಖು ಉಳಿಸ್ಕೊಂಡೇ ಇವತ್ತು ಕಾಪಿ ಮಾಡಿದ್ರೂ ನಾಳೆ ಹೋಗ್ಬಿಡಲ್ಲ, ಮೂರನೇ ಟೈಮ್ ಹೊಸದಾಗಿರತ್ತಲ್ಲ. ಆದ್ರೆ ಎಲ್‌ಎಸ್ (ls) ಕಮಾಂಡ್ ಹೊಡೆದು ಫೋಲ್ಡರ್ ಒಳಗೆ ಏನಿದೆ ಅಂತ ನೋಡಿದ್ರೆ ಹೊಸದಾಗೋದು ಫೋಲ್ಡರಿನ ಆಕ್ಸೆಸ್ ಟೈಮ್ ಮಾತ್ರ, ಒಳಗಿರೋ ಫೈಲುಗಳದ್ದಲ್ಲ. ಫೈಲನ್ನ ತೆರೆದು ಓದಿದ್ರೆ ಮಾತ್ರ ಅದರ ಆಕ್ಸೆಸ್ ಟೈಮ್ ಬದಲಾಗೋದು. ಅಂದ್ರೆ ನೀವು ದಿನಾ ಬಂದು ನೋಡ್ಕೊಂಡು ಹೋಗ್ತಿದ್ರೂ ಫೋಲ್ಡರ್ ಹಾಗೇ ನಿಂತಿರತ್ತೆ, ಒಳಗಿನ ಫೈಲ್ ಮಾತ್ರ ಹನ್ನೊಂದನೇ ದಿನ ಇರಲ್ಲ. ಇದನ್ನ ನಂಬ್ಕೊಂಡು ಕೂತ್ಕೋಬೇಡಿ.

ಇದಕ್ಕೆ ಉಲ್ಟಾನೂ ಆಗತ್ತೆ. ಫೋಲ್ಡರ್ ಅಳಿಸೋದು ಅದು ಖಾಲಿಯಾಗಿ, ಹಳೇದೂ ಆಗಿದ್ರೆ ಮಾತ್ರ, ಆದ್ರೆ ನಮ್ಮ ಬ್ಯಾಕಪ್ ಪ್ರತಿ ರಾತ್ರಿ ಎಲ್ಲಾ ಫೋಲ್ಡರ್ ಒಳಗೂ ನೋಡ್ಕೊಂಡು ಬರತ್ತೆ, ಆಕ್ಸೆಸ್ ಟೈಮ್ ದಿನಾ ಹೊಸದಾಗ್ತಾ ಇದ್ರೆ ಖಾಲಿ ಫೋಲ್ಡರುಗಳು ಯಾವತ್ತೂ ಹೋಗಲ್ಲ. ಟೆಂಪ್‌ಫೈಲ್ಸ್ ಈ ವಿಷಯದಲ್ಲಿ ತುಂಬಾ ಜೋಪಾನ, ಆಕ್ಸೆಸ್ ಟೈಮ್ ಬದಲಾಗದ ಹಾಗೆ ಫೋಲ್ಡರ್ ತೆರೆಯತ್ತೆ, ಒಳಗಿಂದು ಅಳಿಸಿದ್ಮೇಲೆ ಫೋಲ್ಡರಿನ ಟೈಮನ್ನ ಮೊದಲಿದ್ದ ಹಾಗೇ ವಾಪಸ್ ಇಡತ್ತೆ, ಬೇರೆ ಎಲ್ಲಾ ಪ್ರೋಗ್ರಾಮುಗಳೂ ಹಾಗಿರಲ್ಲ. ಅದಕ್ಕೆ ಎರಡೂ ಟೆಂಪ್‌ಗಳನ್ನ ಬ್ಯಾಕಪ್‌ನಿಂದ ತೆಗೀತಿದೀವಿ. ಅಲ್ಲಿಂದ ಹೋದ ಫೈಲನ್ನ ನಾವು ವಾಪಸ್ ತಂದುಕೊಡೋಕೆ ಆಗಲ್ಲ, ಇದು ಎಲ್ಲರಿಗೂ ಗೊತ್ತಿರ್ಲೇಬೇಕು ಅಂತಾನೇ ಇಷ್ಟು ಉದ್ದ ಬರೀತಿರೋದು.

ಉಳಿಯಬೇಕಾದ್ದನ್ನ ನಿಮ್ಮ ಹೋಮ್ ಫೋಲ್ಡರ್‌ಗೆ ಹಾಕಿ, ಅದು ಬ್ಯಾಕಪ್‌ನಲ್ಲಿ ಇದ್ದೇ ಇರತ್ತೆ. ಸ್ಕ್ರಿಪ್ಟ್ ಇದ್ರೆ ಟಿಎಂಪಿಡಿಐಆರ್ (TMPDIR) ಅನ್ನೋ ವೇರಿಯಬಲ್‌ಗೆ ಹೋಮ್ ಒಳಗಿನ ಒಂದು ಫೋಲ್ಡರ್ ಹೆಸರು ಕೊಡಿ, ತುಂಬಾ ಪ್ರೋಗ್ರಾಮುಗಳು ಅದನ್ನ ನೋಡ್ಕೊಂಡು ಅಲ್ಲೇ ಬರೀತ್ವೆ. ವಾರಗಟ್ಟಲೆ ಓಡೋ ಕೆಲಸ ಟೆಂಪ್‌ನಲ್ಲೇ ನಡೀಬೇಕು ಅಂದ್ರೆ ಆ ಫೋಲ್ಡರ್ ಮೇಲೆ ಎಫ್‌ಲಾಕ್ (flock) ಕಮಾಂಡ್‌ನಿಂದ ಎಕ್ಸ್‌ಕ್ಲೂಸಿವ್ ಲಾಕ್ (ಬೇರೆ ಯಾರೂ ಲಾಕ್ ಹಾಕದ ಹಾಗೆ ಹಿಡ್ಕೊಳೋದು) ಹಾಕಿ, ಲಾಕ್ ಇರೋವರೆಗೂ ಕ್ಲೀನಪ್ ಅದನ್ನ, ಅದರ ಒಳಗಿರೋದನ್ನ ಮುಟ್ಟಲ್ಲ. ಅದೂ ಆಗಲ್ಲ ಅಂದ್ರೆ ಫೋಲ್ಡರ್ ಹೆಸರು ಹೇಳಿ, ಅದನ್ನ ಬಿಟ್ಟುಬಿಡು ಅಂತ ಕಾನ್ಫಿಗ್‌ನಲ್ಲಿ ಒಂದು ಸಾಲು ಸೇರಿಸ್ತೀವಿ. ದಿನಾ ಟಚ್ ಕಮಾಂಡ್ (ಫೈಲಿನ ಟೈಮನ್ನ ಹೊಸದು ಮಾಡೋದು) ಹೊಡೆದು ಫೈಲ್ ಉಳಿಸ್ಕೊಳೋದು ಮಾತ್ರ ಬೇಡ, ರೀಬೂಟ್ ಆದ್ರೆ ಮೆಮೊರಿಲಿರೋದು ಎಲ್ಲಾ ಹೋಗತ್ತೆ.

ವೆಬ್‌ಸೈಟಲ್ಲಿ ಅಪ್‌ಲೋಡ್ ಫಾರಂ ಇರೋರು ಹೆದರ್ಕೋಬೇಡಿ, ಅಪ್‌ಲೋಡ್ ಆದಾಗ ಹುಟ್ಟೋ ತಾತ್ಕಾಲಿಕ ಫೈಲನ್ನ ಪಿಎಚ್‌ಪಿ (ವೆಬ್‌ಸೈಟ್ ನಡೆಸೋ ಪ್ರೋಗ್ರಾಂ) ಆ ರಿಕ್ವೆಸ್ಟ್ ಮುಗಿದ ತಕ್ಷಣ ತಾನೇ ಅಳಿಸತ್ತೆ, ಇದು ಮೊದಲಿಂದಲೂ ಹಾಗೇ. ಲಾಗಿನ್ ಸೆಷನ್‌ಗಳು ಇರೋದೂ ಬೇರೆ ಕಡೆ.

ಇನ್ನೊಂದು, ಈಗ ಎರಡೂ ಟೆಂಪ್‌ಗಳಲ್ಲಿ ಇರೋದು ಯಾವುದೂ ಹೊಸ ಸರ್ವರ್‌ಗೆ ಬರಲ್ಲ. ಭಾನುವಾರಕ್ಕೆ ಮುಂಚೆ ಒಂದ್ಸಲ ಲಾಗಿನ್ ಆಗಿ ನಿಮ್ಮದೇನಾದ್ರೂ ಅಲ್ಲಿದ್ಯಾ ನೋಡಿ, ಇದ್ರೆ ಹೋಮ್‌ಗೆ ಸಾಗಿಸಿ. ಸ್ಕ್ರಿಪ್ಟ್ ತಿದ್ದೋದು ಗೊತ್ತಾಗದಿದ್ರೆ ಶುಕ್ರವಾರದೊಳಗೆ ನಮಗೆ ಕಳ್ಸಿ, ನಾವೇ ಸರಿ ಮಾಡಿಕೊಡ್ತೀವಿ, ಇದಕ್ಕೆ ದುಡ್ಡು ತಗೊಳಲ್ಲ.

ಇಂತಿ,
ಸರ್ವರ್ ನೋಡ್ಕೊಳೋ ತಂಡ