ದಕ್ಷಿಣ ಸ್ಪೇನ್ ಪ್ರವಾಸ: ಮಾಲಗಾದ ಕಡಲಬದಿಯ ಊಟದಲ್ಲಿ ಮಾಡಿರುವ ಬದಲಾವಣೆ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಮುಂದಿನ ತಂಡದಿಂದ ನಮ್ಮ ದಕ್ಷಿಣ ಸ್ಪೇನ್ ಪ್ರವಾಸದಲ್ಲಿ ಒಂದು ಬದಲಾವಣೆ ಇದೆ. ಮಾಲಗಾದಲ್ಲಿ ರಾತ್ರಿ ಏಳೂವರೆಗೆ ಇರುತ್ತಿದ್ದ ‘ಕಡಲತೀರದ ಔತಣ’ವನ್ನು ತೆಗೆದುಹಾಕಿದ್ದೇವೆ. ಅದರ ಬದಲು ಮಧ್ಯಾಹ್ನ ಎರಡು ಗಂಟೆಗೆ ಪೆದ್ರೆಗಲೇಹೊ ಅಥವಾ ಎಲ್ ಪಾಲೊ ಬಡಾವಣೆಯ ಒಂದು ಚಿರಿಂಗೀತೊಗೆ, ಅಂದರೆ ಕಡಲತೀರದ ಮೀನೂಟದ ಹೋಟೆಲಿಗೆ, ಕರೆದುಕೊಂಡು ಹೋಗುತ್ತೇವೆ. ಬೇಕಾದ್ದನ್ನು ನೀವೇ ಹೇಳಿ ತರಿಸಿಕೊಂಡು ಬಿಲ್ಲನ್ನು ಅಲ್ಲೇ ಕೊಡುವುದು. ಔತಣದ ಬಾಬ್ತನ್ನು ಪ್ರವಾಸದ ಶುಲ್ಕದಿಂದ ಕಳೆದಿದ್ದೇವೆ. ಪೂರ್ತಿ ಹಣ ಕಟ್ಟಿರುವವರಿಗೆ ಅಷ್ಟು ಮೊತ್ತ ಅವರ ಖಾತೆಗೆ ವಾಪಸು ಬರುತ್ತದೆ.

‘ಊಟ ಕೈಬಿಟ್ಟು ದುಡ್ಡು ಉಳಿಸುತ್ತಿದ್ದೀರಾ?’ ಎಂದು ಕೆಲವರು ಫೋನಿನಲ್ಲಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಸ್ವಲ್ಪ ಉದ್ದವಿದೆ.

ಮರಳಿನ ಮೇಲೋ ಮರಳಿಗೆ ತಾಗಿಕೊಂಡೋ ಇರುವ ಮೀನೂಟದ ಹೋಟೆಲನ್ನು ಅಲ್ಲಿ ಚಿರಿಂಗೀತೊ ಎನ್ನುತ್ತಾರೆ. ಸ್ಪೇನಿನ 1988ರ ಕರಾವಳಿ ಕಾಯ್ದೆಯಂತೆ ಕಡಲತೀರ ಸಾರ್ವಜನಿಕ ಸ್ವತ್ತು; ಹೋಟೆಲಿನವರು ಪರವಾನಗಿ ಪಡೆದು ಅಲ್ಲಿ ವ್ಯಾಪಾರ ಮಾಡುತ್ತಾರೆ. ಈಜಿ ಬಂದವರು ತಲೆ ಒರೆಸಿಕೊಂಡು, ಒಂದು ಅಂಗಿ ಸಿಕ್ಕಿಸಿಕೊಂಡು ಹಾಗೆಯೇ ಊಟಕ್ಕೆ ಕೂರುತ್ತಾರೆ. ಇಂಥ ಕಡೆ ದೊಡ್ಡ ತಂಡಕ್ಕೆ ಊಟ ಬೇಕೆಂದು ವಾರಗಳ ಮೊದಲೇ ಪಟ್ಟಿ ಕೇಳಿದರೆ, ಯಾವ ದಿನವಾದರೂ ಖಚಿತವಾಗಿ ಕೊಡಬಲ್ಲದ್ದನ್ನಷ್ಟೇ ಅವರು ಒಪ್ಪಿಕೊಳ್ಳುತ್ತಾರೆ. ಹೀಗಾಗಿ ತಟ್ಟೆಗೆ ಬರುವುದು ಫ್ರೀಜರಿನಿಂದ ಎದ್ದ ಸ್ಕ್ವಿಡ್ ಬಳೆಗಳು, ಹಳದಿ ಅನ್ನ, ಕೊನೆಗೊಂದು ಐಸ್‌ಕ್ರೀಮ್. ಅದರಲ್ಲಿ ಹೋಟೆಲಿನವರ ದೋಷವೇನೂ ಇಲ್ಲ. ನಾಳೆ ಬಲೆಗೆ ಏನು ಬೀಳುತ್ತದೆ ಎಂದು ಮಂಗಳೂರಿನ ಬಂದರಿನಲ್ಲಿಯೂ ಯಾರೂ ಬರೆದುಕೊಡಲಾರರು.

ಹೊತ್ತಿನ ವಿಷಯವೂ ಇದೆ. ಸ್ಪೇನಿನವರು ಮಧ್ಯಾಹ್ನದ ಊಟಕ್ಕೆ ಕೂರುವುದೇ ಎರಡು ಗಂಟೆಯ ನಂತರ. ರಾತ್ರಿಯ ಊಟ ಒಂಬತ್ತಕ್ಕೆ ಮೊದಲು ಶುರುವಾಗುವುದಿಲ್ಲ. ಏಳೂವರೆಗೆ ಹೋದ ತಂಡ ಖಾಲಿ ಕುರ್ಚಿಗಳ ನಡುವೆ ತಾನೊಂದೇ ಉಂಡು ಏಳುತ್ತದೆ. ಅಷ್ಟು ದೂರ ಹೋಗಿ ಅಲ್ಲಿಯ ಜನರೇ ಇಲ್ಲದ ಹೋಟೆಲಿನಲ್ಲಿ ಉಣ್ಣುವುದು ಯಾವ ಸುಖಕ್ಕೆ?

ಈಗ ಮುಖ್ಯವಾದ ಮಾತು, ಎಸ್ಪೇತೊ. ಹಳೆಯ ದೋಣಿಯೊಂದನ್ನು ತೀರದಲ್ಲಿ ನಿಲ್ಲಿಸಿ, ಅದಕ್ಕೆ ಮರಳು ತುಂಬಿ, ಮರಳಿನ ಮೇಲೆ ಆಲಿವ್ ಸೌದೆಯ ಬೆಂಕಿ ಹಾಕಿರುತ್ತಾರೆ. ಸೀಳಿದ ಜೊಂಡಿನ ಕಡ್ಡಿಗೆ ಐದಾರು ಸಾರ್ಡೀನ್ ಪೋಣಿಸಿ, ಕಡ್ಡಿಯ ಬುಡವನ್ನು ಬೆಂಕಿಯ ಪಕ್ಕ ಮರಳಿಗೆ ಚುಚ್ಚುತ್ತಾರೆ. ಮೀನು ಉರಿಯ ಮೇಲಿರುವುದಿಲ್ಲ, ಉರಿಯ ಮಗ್ಗುಲಲ್ಲಿ ಸ್ವಲ್ಪ ಓರೆಯಾಗಿ ನಿಂತಿರುತ್ತದೆ. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿಯೇ ಕಡ್ಡಿ ನೆಡಬೇಕು, ಇಲ್ಲವಾದರೆ ಹೊಗೆಯೆಲ್ಲ ಮೀನಿಗೆ ಬಡಿಯುತ್ತದೆ. ಮಸಾಲೆ ಎಂಬುದು ಕಲ್ಲುಪ್ಪು ಮಾತ್ರ. ಈ ಸಾರ್ಡೀನ್ ನಮ್ಮ ಬೂತಾಯಿಯ ಹತ್ತಿರದ ನೆಂಟ. ರುಚಿಯಲ್ಲಿ ಆ ನಂಟು ನಿಮಗೇ ಗೊತ್ತಾಗುತ್ತದೆ. ಉಪ್ಪಿನಕಾಯಿಯ ಬಾಟಲಿ ಹೊರಗೆ ತೆಗೆಯುವ ಮೊದಲು ದಯವಿಟ್ಟು ಒಂದು ಮೀನನ್ನಾದರೂ ಹಾಗೆಯೇ ತಿಂದು ನೋಡಿ.

ಒಂದು ಎಚ್ಚರಿಕೆ. ಸಾರ್ಡೀನಿನ ಹೊಟ್ಟೆ ತೆಗೆದಿರುವುದಿಲ್ಲ, ಹುರುಪೆಯೂ ಹಾಗೆಯೇ ಇರುತ್ತದೆ. ಮನೆಯಲ್ಲಿ ಮೀನು ಶುಚಿ ಮಾಡುವ ಅಕ್ಕಂದಿರು ಇದನ್ನು ಕಂಡು ಮೂಗು ಮುರಿಯುವುದು ಸಹಜ. ಆದರೆ ಸುಟ್ಟ ಚರ್ಮವನ್ನು ಬೆರಳಿನಿಂದ ಸರಿಸಿ, ಬೆನ್ನಿನ ಕಡೆಯಿಂದ ಮಾಂಸವನ್ನು ಎಬ್ಬಿಸಿದರೆ ಅದು ಎರಡೂ ಬದಿಯಿಂದ ಬಿಟ್ಟುಕೊಂಡು ಬರುತ್ತದೆ. ಹೊಟ್ಟೆಯ ಭಾಗ ಮುಳ್ಳಿನ ಜೊತೆ ತಟ್ಟೆಯಲ್ಲೇ ಉಳಿಯುತ್ತದೆ. ಫೋರ್ಕು, ಚಾಕು ಹಿಡಿದರೆ ಮೀನು ಚೂರುಚೂರಾಗುತ್ತದೆ. 1884ರ ಡಿಸೆಂಬರ್ 25ರಂದು ಆ ಸೀಮೆಯಲ್ಲಿ ದೊಡ್ಡ ಭೂಕಂಪವಾಯಿತು. ಮರುತಿಂಗಳು ಪರಿಶೀಲನೆಗೆ ಬಂದ ದೊರೆ ಹನ್ನೆರಡನೆಯ ಅಲ್ಫಾನ್ಸೊ ಎಲ್ ಪಾಲೊದಲ್ಲಿ ಎಸ್ಪೇತೊ ತಿನ್ನಲು ಚಾಕು ಕೈಗೆತ್ತಿಕೊಂಡಾಗ, ‘ಹೀಗಲ್ಲ ಪ್ರಭು, ಬೆರಳಿನಿಂದ’ ಎಂದು ಹೋಟೆಲಿನ ಮಿಗೆಲ್ ತಿದ್ದಿದನೆಂದು ಮಾಲಗಾದವರು ಇಂದಿಗೂ ಕಥೆ ಹೇಳುತ್ತಾರೆ. ಕೈಯಲ್ಲಿ ಉಣ್ಣುವವರಿಗೆ ಅಲ್ಲಿ ಸಂಕೋಚಪಡುವ ಕಾರಣವೇ ಇಲ್ಲ.

ಹೆಸರಿನಲ್ಲಿ ‘ಆರ್’ ಅಕ್ಷರವಿಲ್ಲದ ತಿಂಗಳುಗಳಲ್ಲಿ, ಅಂದರೆ ಮೇಯಿಂದ ಆಗಸ್ಟ್‌ವರೆಗೆ, ಸಾರ್ಡೀನ್ ಚೆನ್ನಾಗಿರುತ್ತದೆ ಎಂಬುದು ಅಲ್ಲಿಯ ರೂಢಿಯ ಮಾತು. ಆಗ ಮೀನಿನಲ್ಲಿ ಕೊಬ್ಬು ತುಂಬಿರುತ್ತದೆ. ಬೇಸಿಗೆ ರಜೆಯ ತಂಡಕ್ಕೆ ಇದು ಅನುಕೂಲ. ದಸರಾ ತಂಡದವರು ಅಕ್ಟೋಬರಿನಲ್ಲಿ ಹೋಗುವುದರಿಂದ ಹುರಿದ ಬೊಕೆರೋನೆಸ್ ಕಡೆಗೆ ಮನಸ್ಸು ಮಾಡಬಹುದು. ಬೆರಳುದ್ದದ ಈ ಮೀನಿಗೆ ಹಿಟ್ಟು ಸವರಿ ಆಲಿವ್ ಎಣ್ಣೆಯಲ್ಲಿ ಗರಿಗರಿಯಾಗಿ ಕರಿಯುತ್ತಾರೆ. ಮಾಲಗಾದ ಜನರಿಗೇ ‘ಬೊಕೆರೋನೆಸ್’ ಎಂಬ ಅಡ್ಡಹೆಸರಿದೆ ಎಂದರೆ ಊರಿಗೆ ಅದರ ಮೇಲಿರುವ ಪ್ರೀತಿ ಎಷ್ಟೆಂದು ತಿಳಿಯಿರಿ. ಇದೇ ಮೀನನ್ನು ಬೇಯಿಸದೆ ವಿನೆಗರಿನಲ್ಲಿ ನೆನೆಸಿಯೂ ಕೊಡುತ್ತಾರೆ. ಹಸಿಯಾಗಿ ಬಡಿಸುವ ಮೀನನ್ನು ಮೊದಲು ಮೈನಸ್ 20 ಡಿಗ್ರಿಯಲ್ಲಿ ಒಂದು ದಿನವಾದರೂ ಇಟ್ಟಿರಬೇಕೆಂದು 2006ರಿಂದ ಅಲ್ಲಿ ನಿಯಮವಿದೆ. ಮೀನಿನಲ್ಲಿರುವ ಅನಿಸಾಕಿಸ್ ಎಂಬ ಹುಳು ಅಷ್ಟು ಚಳಿಗೆ ಸಾಯುತ್ತದೆ.

ಪ್ರವಾಸದ ದಿನಚರಿಯಲ್ಲಿ ಮಾಲಗಾವನ್ನು ಸೋಮವಾರದಿಂದ ಬೇರೆ ದಿನಕ್ಕೆ ಸರಿಸಿದ್ದೇವೆ. ವಾರಾಂತ್ಯದಲ್ಲಿ ಮೀನುಗಾರಿಕೆ ದೋಣಿಗಳು ಸಾಮಾನ್ಯವಾಗಿ ಕಡಲಿಗೆ ಇಳಿಯುವುದಿಲ್ಲ, ಆದ್ದರಿಂದ ಸೋಮವಾರದ ಮೀನಿನ ಮೇಲೆ ಅಲ್ಲಿಯವರಿಗೇ ಅಷ್ಟು ನಂಬಿಕೆ ಇಲ್ಲ.

ಹಣದ ವಿಷಯದಲ್ಲಿ ಒಂದೆರಡು ಮಾತು. ದೊಡ್ಡ ಮೀನಿಗೆ ತೂಕದ ಮೇಲೆ ದರ. ಪಟ್ಟಿಯಲ್ಲಿ ಕಿಲೋಗೆ ಇಷ್ಟೆಂದು ಇರುತ್ತದೆ, ಅಥವಾ ‘ಮಾರುಕಟ್ಟೆಯ ಬೆಲೆ’ ಎಂದಷ್ಟೇ ಬರೆದಿರುತ್ತದೆ. ಒಲೆಗೆ ಹಾಕುವ ಮೊದಲು ಮೀನನ್ನು ತೋರಿಸಿ ತೂಗಲು ಹೇಳಿ. ಅದರಲ್ಲಿ ಅವಮಾನವೇನೂ ಇಲ್ಲ, ಅಲ್ಲಿಯ ಗಿರಾಕಿಗಳೂ ಕೇಳುತ್ತಾರೆ. ಎಸ್ಪೇತೊಗೆ ಮಾತ್ರ ಕಡ್ಡಿಯ ಲೆಕ್ಕ. ಬ್ರೆಡ್ ತಾನಾಗಿಯೇ ಮೇಜಿಗೆ ಬರಬಹುದು, ಬಿಲ್ಲಿಗೂ ಬರಬಹುದು. ನಲ್ಲಿ ನೀರನ್ನು 2022ರ ಕಾಯ್ದೆಯಂತೆ ಪುಕ್ಕಟೆಯಾಗಿ ಕೊಡಬೇಕು, ಕೇಳಿ ಪಡೆಯಿರಿ. ತಲೆಗೊಂದು ಬಿಲ್ಲು ಕೇಳಿದರೆ ಮಾಣಿಗೆ ತಲೆನೋವು, ಹಾಗಾಗಿ ನಾಲ್ಕೈದು ಜನರಿಗೆ ಒಂದು ಮೇಜು, ಒಂದು ಬಿಲ್ಲು ಎಂದು ಗೊತ್ತು ಮಾಡಿದ್ದೇವೆ.

ಲೆಕ್ಕದ ಮಾತು ಬಂದಾಗ ಎಲ್ ಪಾಲೊದ ಎಲ್ ತಿಂತೆರೊ ಹೋಟೆಲನ್ನು ಹೇಳದೆ ಇರಲಾಗದು. ಅಲ್ಲಿ ಮಾಣಿಗಳು ತಟ್ಟೆಗಳನ್ನು ಹೊತ್ತು, ಅದರಲ್ಲಿ ಏನಿದೆ ಎಂದು ಕೂಗುತ್ತಾ ಮೇಜುಗಳ ನಡುವೆ ಓಡಾಡುತ್ತಾರೆ. ಬೇಕೆನಿಸಿದರೆ ಕೈ ಎತ್ತಬೇಕು. ಕೊನೆಯಲ್ಲಿ ಮೇಜಿನ ಮೇಲಿನ ಖಾಲಿ ತಟ್ಟೆಗಳನ್ನು ಎಣಿಸಿ ಬಿಲ್ಲು ಮಾಡುತ್ತಾರೆ. ಮಾತಿನ ಮಧ್ಯೆ ಕೈ ಆಡಿಸುವ ಅಭ್ಯಾಸವಿರುವವರು ಜಾಗ್ರತೆ!

ಸಸ್ಯಾಹಾರಿಗಳಿಗೆ ನೇರವಾಗಿ ಹೇಳಿಬಿಡುತ್ತೇವೆ: ಇದು ನಿಮಗೆ ಸಲೀಸಾದ ಜಾಗವಲ್ಲ. ‘ಮಿಕ್ಸ್ತಾ’ ಸಲಾಡಿನಲ್ಲಿ ಸಾಮಾನ್ಯವಾಗಿ ಟ್ಯೂನಾ ಮೀನು, ಮಾಲಗಾ ಸಲಾಡಿನಲ್ಲಿ ಕಿತ್ತಳೆಯ ಜೊತೆ ಒಣಗಿಸಿದ ಕಾಡ್ ಮೀನು ಇರುತ್ತದೆ. ಸಾಲ್ಮೊರೇಹೊ ಎಂಬ ತಣ್ಣನೆಯ ಟೊಮೆಟೊ ಸೂಪಿನ ಮೇಲೆ ಮೊಟ್ಟೆ, ಹಂದಿ ಮಾಂಸದ ಚೂರು ಉದುರಿಸಿರುತ್ತಾರೆ. ಕಬ್ಬಿನ ಕಾಕಂಬಿ ಸುರಿದ ಬದನೆಕಾಯಿ ಬಹಳ ರುಚಿ, ಆದರೆ ಮೀನು ಕರಿದ ಎಣ್ಣೆಯಲ್ಲೇ ಅದನ್ನೂ ಕರಿದಿರಬಹುದು. ಗಾಸ್ಪಾಚೊ ಎಂಬ ತಣ್ಣನೆಯ ತರಕಾರಿ ಸೂಪು, ಬಾದಾಮಿ ಮತ್ತು ಬೆಳ್ಳುಳ್ಳಿಯ ಆಹೋಬ್ಲಾಂಕೊ ಸೂಪು, ಸುಟ್ಟ ದೊಣ್ಣೆಮೆಣಸು, ಇವನ್ನು ಸಾಮಾನ್ಯವಾಗಿ ತಿನ್ನಬಹುದು. ಒಂದೇ ಎಣ್ಣೆ, ಒಂದೇ ಒಲೆ ಸರಿಬರದವರಿಗೆ ಆ ಹೊತ್ತಿಗೆ ನಗರದೊಳಗಿನ ಸಸ್ಯಾಹಾರಿ ಹೋಟೆಲಿನಲ್ಲಿ ಊಟ ಕಾದಿರಿಸುತ್ತೇವೆ, ನಮ್ಮ ಸಿಬ್ಬಂದಿಯೊಬ್ಬರು ಜೊತೆಗೆ ಬರುತ್ತಾರೆ. ಈ ಊಟದ ಖರ್ಚೂ ನಿಮ್ಮದೇ.

ಯಾವ ಕಡೆಗೆ ಬರುತ್ತೀರಿ ಎಂಬುದನ್ನು ವೀಸಾ ಕಾಗದಗಳ ಜೊತೆ ಕಳುಹಿಸಿರುವ ನಮೂನೆಯಲ್ಲಿ ಗುರುತು ಮಾಡಿ. ಸಿಗಡಿ, ಚಿಪ್ಪುಮೀನು ಒಗ್ಗದವರು ಅದನ್ನೂ ಅಲ್ಲೇ ಬರೆಯಿರಿ. ಅಡುಗೆಮನೆಗೆ ತೋರಿಸಲು ಸ್ಪ್ಯಾನಿಷ್‌ನಲ್ಲಿ ಒಂದು ಚೀಟಿ ಮಾಡಿಕೊಡುತ್ತೇವೆ.

ವಿಶ್ವಾಸದಿಂದ,
ಸ್ಪೇನ್ ಪ್ರವಾಸ ವಿಭಾಗ, ಮಂಗಳೂರು ಕಚೇರಿ