ಚಾದರದಡಿಗೆ ಕೈ ಹಾಕಿ ನೋಡಲು ಕಲಿಸಿದವರಿಗೆ

ಈ ಜೂನ್‌ಗೆ ನಾನು ಹೆರಿಗೆ ವಾರ್ಡಿಗೆ ಸೇರಿ ಒಂದು ವರ್ಷ ತುಂಬಿತು. ನಮ್ಮ ಆಯಮ್ಮ ಇದೇ ತಿಂಗಳು ಕೆಲಸ ಬಿಡುತ್ತಿದ್ದಾರೆ. ಅವರ ಎದುರು ನಿಂತು ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಕರಡಿಗೋಡಿನವಳು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ದಡದ ಮನೆಗಳಿಗೆ ನುಗ್ಗಿದಾಗ ನಮ್ಮದೂ ಹೋಯಿತು. ಮೊದಲು ಪರಿಹಾರ ಕೇಂದ್ರ, ಆಮೇಲೆ ಬಾಡಿಗೆ ಮನೆ. ತೋಟದ ಕೆಲಸ ಕಾಫಿ ಕೊಯ್ಲಿನ ಕಾಲದಲ್ಲಿ ಕೈತುಂಬ ಇರುತ್ತದೆ, ಮಳೆ ಹಿಡಿದರೆ ಕಷ್ಟ. ಹೆರಿಗೆ ವಾರ್ಡಿಗೆ ಗುತ್ತಿಗೆಯ ಮೇಲೆ ಸಹಾಯಕಿಯರು ಬೇಕಂತೆ ಎಂದು ನಮ್ಮೂರ ಆಶಾ ಅಕ್ಕ ಬಂದು ಹೇಳಿದಾಗ, ಏನು ಕೆಲಸ ಅಂತ ಸರಿಯಾಗಿ ಕೇಳದೆಯೇ ಹೂಂ ಅಂದೆ.

ಮೊದಲ ವಾರ ದಿನಾ ಅತ್ತೆ. ಬೆಡ್ ಪ್ಯಾನ್ ಇಡುವುದು, ತೊಳೆಯುವುದು, ರಕ್ತದ ಬಟ್ಟೆ ಬದಲಿಸುವುದು, ಹೆರಿಗೆ ಕೋಣೆಯ ನೆಲ ಒರೆಸುವುದು. ಕೈಗವಸು ಕೆಂಪು ಚೀಲಕ್ಕೆ, ಮಾಸು ಹಳದಿ ಚೀಲಕ್ಕೆ ಅಂತ ಬಾಯಿಪಾಠ ಮಾಡಿಕೊಂಡು ಓಡಾಡುತ್ತಿದ್ದೆ. ಮನೆಗೆ ಬಂದರೂ ಆ ವಾಸನೆ ಮೂಗಲ್ಲೇ ಕೂತಿರುತ್ತಿತ್ತು. ಯಾರಾದರೂ ಏನು ಕೆಲಸ ಅಂತ ಕೇಳಿದರೆ ‘ಆಸ್ಪತ್ರೇಲಿ’ ಅಂತಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಬೇಸರದಿಂದ ಬೆಡ್ ಪ್ಯಾನ್ ಇಡುವುದನ್ನು ಆಯಮ್ಮ ನೋಡಿದರು. ಬೈಯಲಿಲ್ಲ. ಆ ತಾಯಿಯ ಒಪ್ಪಿಗೆ ಕೇಳಿ, ನನ್ನ ಅಂಗೈಯನ್ನು ಅವರ ಹೊಕ್ಕುಳ ಹತ್ತಿರ ಒತ್ತಿ ಇಡಿಸಿದರು. ಮೆತ್ತಗಿತ್ತು. ಮೂತ್ರ ಹೋದ ಮೇಲೆ ಮತ್ತೆ ಇಡಿಸಿದರು. ಸ್ವಲ್ಪ ಕೆಳಗೆ, ಎಳೆ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿ ಕೈಗೆ ಸಿಕ್ಕಿತು. “ಗೊತ್ತಾಯ್ತಾ?” ಅಂದರು ಅಷ್ಟೇ. ಸಂಜೆ ಸಿಸ್ಟರ್ ಬಿಡಿಸಿ ಹೇಳಿದರು. ಹೆರಿಗೆಯಾದ ಮೇಲೆ ಗರ್ಭಕೋಶ ಮುದುಡಿ ಗಟ್ಟಿಯಾದರೇನೇ ಒಳಗಿನ ರಕ್ತನಾಳಗಳ ಬಾಯಿ ಮುಚ್ಚುವುದು. ಮೂತ್ರಕೋಶ ತುಂಬಿದ್ದರೆ ಅದು ಮುದುಡಲು ಬಿಡುವುದಿಲ್ಲ, ರಕ್ತ ಹೋಗುತ್ತಲೇ ಇರುತ್ತದೆ. ನಾನು ಅಸಹ್ಯಪಟ್ಟು ಮಾಡುತ್ತಿದ್ದ ಕೆಲಸ ಒಬ್ಬಳ ಜೀವ ಕಾಯುವ ಕೆಲಸ ಅಂತ ಅವತ್ತು ತಿಳಿಯಿತು.

ಆಯಮ್ಮನ ಇನ್ನೊಂದು ಮಾತು: “ಕೂಗೋರ ಹತ್ರ ಎಲ್ಲರೂ ಓಡ್ತಾರೆ. ನೀನು ಸುಮ್ನೆ ಮಲಗಿರೋರನ್ನ ನೋಡು.” ಬರೀ ಕಣ್ಣಲ್ಲಿ ಅಲ್ಲ, ಸೊಂಟದಡಿಗೆ ಕೈ ಹಾಕಿ ನೋಡು ಅನ್ನುತ್ತಿದ್ದರು. ಅಂಗಾತ ಮಲಗಿದವರ ರಕ್ತ ಬೆನ್ನ ಕಡೆಗೆ ಹರಿಯುತ್ತದೆ, ಮೇಲಿಂದ ನೋಡಿದರೆ ಪ್ಯಾಡ್ ಒಣಗಿದ ಹಾಗೇ ಕಾಣುತ್ತದೆ.

ಕಳೆದ ಜುಲೈನ ಆ ರಾತ್ರಿ ಈ ಮಾತು ನೆನಪಾಗದಿದ್ದರೆ ಏನಾಗುತ್ತಿತ್ತೋ. ಹೊರಗೆ ಧೋ ಅಂತ ಮಳೆ, ಎರಡು ಸಲ ಕರೆಂಟು ಹೋಗಿ ಜನರೇಟರ್ ಹಾಕಿದ್ದರು. ಒಂದೇ ಹೊತ್ತಿಗೆ ಮೂರು ಹೆರಿಗೆ. ತೋಟದ ಕೂಲಿಯವರ ಲೈನ್ ಮನೆಯಿಂದ 108ರಲ್ಲಿ ಬಂದಿದ್ದ ಅಸ್ಸಾಂನ ಹುಡುಗಿಗೆ ಹೆರಿಗೆಯಾಗಿ ಮುಕ್ಕಾಲು ಗಂಟೆಯಾಗಿತ್ತು. ಮಗುವನ್ನು ಬಿಸಿ ಟವೆಲಲ್ಲಿ ಒರೆಸಿ, ಆ ಒದ್ದೆ ಟವೆಲ್ ತೆಗೆದು ಇನ್ನೊಂದು ಸುತ್ತಿ ಅವಳ ಎದೆಯ ಮೇಲೆ ಮಲಗಿಸಿದ್ದು ನಾನೇ. ಅವಳಿಗೆ ಕನ್ನಡ ಬಾರದು, ನನಗೆ ಅವಳ ಭಾಷೆ ಬಾರದು. ಕಣ್ಣು ಮುಚ್ಚಿ ಮಲಗಿದ್ದಳು. ಸುಸ್ತಾಗಿದೆ, ನಿದ್ದೆ ಮಾಡಲಿ ಎಂದು ದಾಟಿ ಹೋದವಳು ಎರಡು ಹೆಜ್ಜೆ ಹಿಂದೆ ಬಂದೆ. ಸೊಂಟದಡಿಗೆ ಕೈ ಹಾಕಿದೆ. ಚಾದರ ಬೆಚ್ಚಗೆ, ತೊಪ್ಪೆಯಾಗಿತ್ತು. ಹೊಟ್ಟೆ ಮುಟ್ಟಿದರೆ ಹಿಟ್ಟಿನ ಹಾಗೆ ಮೆತ್ತಗೆ.

ಕಿರುಚಿದೆನಂತೆ, ನನಗೆ ನೆನಪಿಲ್ಲ. ಸಿಸ್ಟರ್ ಬಂದವರೇ ಹೊಟ್ಟೆ ನೀವುತ್ತಾ ಡಾಕ್ಟರಿಗೆ ಹೇಳಿ ಕಳಿಸಿದರು. ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್ ಮದ್ದು ಹಾಕಿದ ಡ್ರಿಪ್ ಏರಿಸಿದರು, ನಳಿಗೆ ಹಾಕಿ ಮೂತ್ರ ತೆಗೆದರು. ಎಷ್ಟಿತ್ತು ಅಂತೀರಿ! ಸಂಕೋಚಕ್ಕೋ ಭಾಷೆ ಬಾರದ್ದಕ್ಕೋ ಕೇಳದೆ ಕಟ್ಟಿಕೊಂಡು ಮಲಗಿದ್ದಳು. ನಾನೂ ಕೇಳಿರಲಿಲ್ಲ. ಆ ತಪ್ಪು ನನ್ನದೇ, ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಗರ್ಭಕೋಶ ಗಟ್ಟಿಯಾಯಿತು, ರಕ್ತ ನಿಂತಿತು. ಬೆಳಗಿನ ಜಾವ ಅವಳು ನನ್ನ ಕೈ ಹಿಡಿದುಕೊಂಡೇ ಚಹಾ ಕುಡಿದಳು. ಮಾರನೇ ದಿನವೇ ಮೂತ್ರಕ್ಕೆ ಹಿಂದಿಯ ‘ಪೇಶಾಬ್’ ಅನ್ನುವ ಪದ ಕಲಿತೆ. ಎರವ ಭಾಷೆ, ಕೊಡವ ತಕ್ಕ್, ಮಲಯಾಳ, ತಮಿಳು, ಎಲ್ಲದರಲ್ಲೂ ಅದೊಂದನ್ನು ಕೇಳಲು ಈಗ ನನಗೆ ಬರುತ್ತದೆ.

ಆಯಮ್ಮ, ಅವತ್ತು ನಿಮಗೆ ರಜೆ ಇತ್ತು. ಆದರೂ ಚಾದರದಡಿಗೆ ಹೋಗಿದ್ದು ನಿಮ್ಮ ಕೈಯೇ.

ಸಿಸ್ಟರ್, ‘ನೀನು ನೋಡಿದ್ದಕ್ಕೆ ಉಳಿದಳು’ ಅಂತ ಡಾಕ್ಟರ ಎದುರೇ ಹೇಳಿದಿರಿ. ಕೇಸ್ ಶೀಟಿನಲ್ಲಿ ನಮ್ಮಂಥವರ ಹೆಸರು ಬರೆಯುವ ಜಾಗವಿಲ್ಲ. ನೀವು ಹೇಳಿದ ಆ ಒಂದು ಮಾತು ನನಗೆ ಸಾಕು. ಲಾಂಡ್ರಿಯ ಅಣ್ಣ, ಎಷ್ಟು ಮಳೆ ಇದ್ದರೂ ನೀವು ಒಣಗಿದ ಚಾದರವನ್ನೇ ತಂದುಕೊಟ್ಟಿರಿ. 108ರ ಡ್ರೈವರ್ ಮತ್ತು ನರ್ಸ್ ಅಣ್ಣ, ಆನೆ ಓಡಾಡುವ ತೋಟದ ದಾರಿಯಲ್ಲಿ ನಡುರಾತ್ರಿ ಬಸುರಿಯರನ್ನು ಕರೆತರುವ ನಿಮಗೆ ಕೈಮುಗಿದೆ. ಸಂಬಳ ಎರಡು ತಿಂಗಳು ತಡವಾದಾಗ ನಮ್ಮ ಸ್ವಸಹಾಯ ಸಂಘದ ಅಕ್ಕಂದಿರು ಸಾಲ ಕೊಟ್ಟರು, ಕೊಟ್ಟಿದ್ದನ್ನು ಒಮ್ಮೆಯೂ ನೆನಪಿಸಲಿಲ್ಲ. ನೈಟ್ ಡ್ಯೂಟಿ ದಿನ ನನ್ನ ಮಕ್ಕಳು ಪಕ್ಕದ ಮನೆಯ ಅಮ್ಮನ ಹತ್ತಿರವೇ ಉಂಡು ಮಲಗುತ್ತಾರೆ. ಅಮ್ಮ, ಆ ಋಣ ದೊಡ್ಡದು.

ಅಸ್ಸಾಂನ ಹುಡುಗಿ ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಮಗು ಕರೆದುಕೊಂಡು ಬಂದಿದ್ದಳು. ಮಗುವಿನ ಕೆನ್ನೆ ತುಂಬಿಕೊಂಡಿತ್ತು. ಏನೂ ಮಾತಾಡಲಿಲ್ಲ, ಮಗುವನ್ನು ನನ್ನ ಕೈಗೆ ಕೊಟ್ಟು ನಗುತ್ತಾ ನಿಂತಳು. ನಿನಗೂ ಥ್ಯಾಂಕ್ಸ್ ತಂಗಿ.

ಆಯಮ್ಮ, ನಿಮ್ಮ ಕೊನೆಯ ನೈಟ್ ನನ್ನ ಜೊತೆಗೇ ಹಾಕಿ ಅಂತ ಸಿಸ್ಟರ್ ಹತ್ತಿರ ಕೇಳಿದ್ದೆ. ಶುಕ್ರವಾರಕ್ಕೆ ಹಾಕಿದ್ದಾರೆ. ಅಕ್ಕಿ ರೊಟ್ಟಿ, ಕಣಿಲೆ ಪಲ್ಯ ತರುತ್ತೇನೆ, ನೀವು ಬುತ್ತಿ ಕಟ್ಟಬೇಡಿ.