ಗೋಳದ ಅರ್ಥ ಆಮೇಲೆ ಹೇಳು

ಪ್ರೀತಿಯ ತಂಗೀ,

ಇಟಲಿಯ ಶಿಲ್ಪಿ ಅರ್ನಾಲ್ಡೊ ಪೊಮೊಡೊರೊ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಓದಿದೆ. ವ್ಯಾಟಿಕನ್ ಅಂಗಳದಲ್ಲಿರುವ ಅವರ ಕಂಚಿನ ಗೋಳವನ್ನು ಮೊದಲ ಸಾಲಲ್ಲೇ ‘ಆಧುನಿಕ ಮನುಷ್ಯನ ಒಡಕು’ ಅಂದುಬಿಟ್ಟಿದ್ದೀಯ. ಇಷ್ಟು ಅವಸರ ಯಾಕೆ? ಗೋಳವೇ ನನಗಿನ್ನೂ ಕಂಡಿಲ್ಲ.

ಮೊದಲು ಅದನ್ನು ತೋರಿಸು. ಹೊರಮೈ ಉಜ್ಜಿ ಉಜ್ಜಿ ಮಿರಮಿರ ಮಿಂಚುತ್ತದೆ. ಎದುರು ನಿಂತವರು, ಮೇಲಿನ ಆಕಾಶ, ಎಲ್ಲ ಅದರಲ್ಲಿ ಕಾಣುತ್ತವೆ. ಆ ನುಣುಪು ಒಂದು ಕಡೆ ತಟಕ್ಕನೆ ಬಿರಿದಿದೆ. ಒಳಗೆ ಹಲ್ಲುಹಲ್ಲಾದ ಸಾಲುಗಳು, ಅವುಗಳ ನಡುವೆ ಇನ್ನೊಂದು ಗೋಳ. ಅದೂ ಬಿರಿದಿದೆ. ಇಷ್ಟು ಬರೆದರೆ ಅರ್ಧ ಅರ್ಥ ಓದುಗರಿಗೇ ಹೊಳೆಯುತ್ತದೆ, ಅಲ್ವಾ?

ಆಮೇಲೆ ಕೈಕೆಲಸಕ್ಕೆ ಬಾ. ಇದನ್ನು ನೀನು ಒಂದೇ ಸಾಲಲ್ಲಿ ಮುಗಿಸಿದ್ದೀಯ, ನನಗೆ ಬೇಜಾರಾಗಿದ್ದು ಅಲ್ಲೇ. 1926ರಲ್ಲಿ ಮೊರ್ಚಾನೊ ಎಂಬ ಊರಲ್ಲಿ ಹುಟ್ಟಿದ ಈ ಮನುಷ್ಯ ಓದಿದ್ದು ಸರ್ವೇ ಕೆಲಸ. ಯುದ್ಧ ಮುಗಿದ ಮೇಲೆ ಪೆಸಾರೊದಲ್ಲಿ ಸಾರ್ವಜನಿಕ ಕಟ್ಟಡಗಳನ್ನು ಮತ್ತೆ ಕಟ್ಟುವ ಕೆಲಸದಲ್ಲಿದ್ದರು. ಜೊತೆಗೇ ಒಡವೆ ಮಾಡುತ್ತಿದ್ದರು. ಕಟಲ್‌ಫಿಶ್‌ ಎಂಬ ಕಡಲಜೀವಿಯ ಮೂಳೆ (ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆ) ಉಗುರು ಊರಿದರೂ ಗುರುತು ಬೀಳುವಷ್ಟು ಮೆತ್ತಗೆ. ಅದರಲ್ಲಿ ಕೊರೆದು, ಕರಗಿಸಿದ ಲೋಹ ಹೊಯ್ಯುತ್ತಿದ್ದರು. ತಗ್ಗಾಗಿ ಕೊರೆದದ್ದೆಲ್ಲ ಉಬ್ಬಾಗಿ ಬರುತ್ತದೆ. ಮುಂದೆ ಆ ದೊಡ್ಡ ದೊಡ್ಡ ಗೋಳಗಳ ಒಳಮೈ ಹುಟ್ಟಿದ್ದು ಈ ಪುಟ್ಟ ಕೆತ್ತನೆಯಿಂದ ಅಂತಲೇ ನನ್ನ ನಂಬಿಕೆ.

ರೊಮೇನಿಯಾ ಮೂಲದ ಶಿಲ್ಪಿ ಬ್ರಾಂಕುಸಿಯ ಪ್ರಸಂಗವನ್ನು ಮಾತ್ರ ಖಂಡಿತ ಬಿಡಬೇಡ. 1959ರಲ್ಲಿ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕ್‌ನ ಮ್ಯೂಸಿಯಂನಲ್ಲಿ ಬ್ರಾಂಕುಸಿಯ ನುಣುಪಾದ ಶಿಲ್ಪಗಳನ್ನು ನೋಡಿ ಪೊಮೊಡೊರೊ ಮನಸೋತರು. ಅಂಥ ಪರಿಪೂರ್ಣ ಆಕಾರವನ್ನು ಒಡೆದು ಒಳಗೇನಿದೆ ನೋಡಬೇಕು ಅನ್ನಿಸಿದ್ದೂ ಆಗಲೇ. ಮೆಚ್ಚಿದ್ದನ್ನೇ ಒಡೆಯಬೇಕು ಅನ್ನಿಸುವುದು ಎಂಥ ಇಕ್ಕಟ್ಟು! ಅಲ್ಲಿ ಸ್ವಲ್ಪ ಹೊತ್ತು ನಿಲ್ಲು.

1963ರ ಸಾವೊ ಪೌಲೊ, 1964ರ ವೆನಿಸ್ ಕಲಾಮೇಳಗಳಲ್ಲಿ ಸಿಕ್ಕ ಪ್ರಶಸ್ತಿಗಳಿಗೆ ಒಂದು ಸಾಲು ಸಾಕು. 1967ರ ಮಾಂಟ್ರಿಯಲ್ ಎಕ್ಸ್‌ಪೋ ಎಂಬ ವಿಶ್ವಮೇಳಕ್ಕೆ ಮಾಡಿದ ಮೂರೂವರೆ ಮೀಟರ್ ಅಗಲದ ಗೋಳಕ್ಕೆ ಇನ್ನೂ ಜಾಸ್ತಿ ಜಾಗ ಕೊಡು. ಅದು ಈಗ ರೋಮ್‌ನಲ್ಲಿ ವಿದೇಶಾಂಗ ಸಚಿವಾಲಯದ ಎದುರಿಗಿದೆ. 2025ರ ಜೂನ್‌ನಲ್ಲಿ, 99 ತುಂಬುವ ಹಿಂದಿನ ದಿನ ಅವರು ತೀರಿಕೊಂಡರು. ಅದನ್ನು ಸುಮ್ನೆ ಹಾಗೇ ಬರೆ, ವಿಶೇಷಣ ಬೇಡ.

ಮಣ್ಣಿನಿಂದ ಅಚ್ಚು, ಅಚ್ಚಿನಿಂದ ಮೇಣ, ಮೇಣದಿಂದ ಕಂಚು: ಗೋಳ ಎರಕವಾಗುವ ಈ ದಾರಿಯ ಒಂದು ಹಂತವನ್ನೂ ಬಿಡದೆ ಬರೆದು ಮತ್ತೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಣ್ಣ